ತೋಟದ ತಪಸ್ಸು, ನಡೆಯುವ ಪೀಠ

ದಬ್ಬೇಘಟ್ಟದಿಂದ ತುರುವೇಕೆರೆ, ಮಾಯಸಂದ್ರ ದಾಟಿ ಯಡಿಯೂರಿಗೆ ಹೋಗುವ ದಾರಿಯುದ್ದಕ್ಕೂ ತೆಂಗಿನ ತೋಟಗಳು ಜೊತೆಗೂಡುತ್ತವೆ. ಈ ಸೀಮೆಯ ಮನೆಗಳಲ್ಲಿ ಸಿದ್ಧಲಿಂಗಪ್ಪ, ಸಿದ್ಧಲಿಂಗಯ್ಯ, ಸಿದ್ಧಲಿಂಗಮ್ಮ ಎಂಬ ಹೆಸರುಗಳಿಗೆ ಬರವಿಲ್ಲ. ಹೊಸ ಗಾಡಿ ಕೊಂಡವರು ಮೊದಲು ಯಡಿಯೂರಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬರುತ್ತಾರೆ. ಮದುವೆಯಾದ ಹೊಸ ಜೋಡಿ ಅಲ್ಲಿಗೆ ಹೋಗುತ್ತದೆ, ಬೆಳೆ ಕೈಕೊಟ್ಟ ವರ್ಷ ಮನಸ್ಸು ಕುಗ್ಗಿದ ರೈತನೂ ಅಲ್ಲಿಗೇ ಹೋಗುತ್ತಾನೆ. ಚೈತ್ರ ಮಾಸದ ತೇರಿಗೆ ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ, ಕುಣಿಗಲ್ ಕಡೆಯ ಜನ ಸೇರಿ ಯಡಿಯೂರು ತುಂಬುತ್ತದೆ. ಬಂದವರಿಗೆಲ್ಲ ದಾಸೋಹ.

ಅಲ್ಲಿರುವುದು ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ. ಅವರ ಬಗ್ಗೆ ಎರಡು ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಗ್ಗೆರೆಯ ತೋಟದಲ್ಲಿ ಮೈಮೇಲೆ ಹುತ್ತ ಬೆಳೆಯುವ ತನಕ ತಪಸ್ಸಿಗೆ ಕೂತವರು ಎಂಬುದು ಒಂದು. ಶೂನ್ಯಪೀಠದ ಜಗದ್ಗುರುಗಳಾಗಿ 701 ವಿರಕ್ತರನ್ನು ಕಟ್ಟಿಕೊಂಡು ನಾಡು ತಿರುಗಿದವರು ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೈಮುಗಿಯುತ್ತೇವೆ. ಆದರೆ ಯಾರೂ ಬೇಡ ಎಂದು ಕಣ್ಣು ಮುಚ್ಚಿ ಕೂತ ಬಾಳಿಗೂ ಎಲ್ಲರೂ ಬೇಕು ಎಂದು ಊರೂರು ಅಲೆದ ಬಾಳಿಗೂ ನಡುವೆ ದೊಡ್ಡ ಕಂದಕವಿದೆ. ಒಬ್ಬರೇ ಆ ಎರಡೂ ದಡಗಳಲ್ಲಿ ನಿಂತದ್ದು ಹೇಗೆ? ಮಠಗಳ ಬಗ್ಗೆ ಪ್ರೀತಿ ಇರುವವರಿಗೂ ಸಿಟ್ಟು ಇರುವವರಿಗೂ ಇಂದು ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ ಎಂದು ನನಗನ್ನಿಸುತ್ತದೆ.

ಹರದನಹಳ್ಳಿಯಿಂದ ಕಗ್ಗೆರೆಗೆ

ಸಿದ್ಧಲಿಂಗರು ಹುಟ್ಟಿದ್ದು ಇಂದಿನ ಚಾಮರಾಜನಗರ ಜಿಲ್ಲೆಯ ಹರದನಹಳ್ಳಿಯಲ್ಲಿ. ಅವರ ಕಾಲ 15ನೇ ಶತಮಾನದ ಕೊನೆ ಮತ್ತು 16ನೇ ಶತಮಾನದ ಮೊದಲ ಭಾಗ. ವಿಜಯನಗರದ ಆಳ್ವಿಕೆಯ ದಿನಗಳು ಅವು. ತಂದೆ ಮಲ್ಲಿಕಾರ್ಜುನ, ತಾಯಿ ಜ್ಞಾನಾಂಬೆ. ಗುರು ಗೋಸಲ ಚನ್ನಬಸವೇಶ್ವರರು. ಆ ಗುರುವಿನ ಗದ್ದುಗೆಯೂ ನಮ್ಮ ಸೀಮೆಯಲ್ಲೇ, ಗುಬ್ಬಿಯಲ್ಲಿದೆ. 

ಗುರುವಿನಿಂದ ಸಿದ್ಧಲಿಂಗರಿಗೆ ಬಂದದ್ದು ಶೂನ್ಯಪೀಠದ ಪರಂಪರೆ. ಅದರ ಮೊದಲ ಹೆಸರು ಅಲ್ಲಮಪ್ರಭು. ಆ ಕಥೆ ಶೂನ್ಯಸಂಪಾದನೆ ಎಂಬ ಗ್ರಂಥದಲ್ಲಿದೆ: ಕಲ್ಯಾಣದಲ್ಲಿ ಬಸವಣ್ಣ ಶೂನ್ಯಸಿಂಹಾಸನವನ್ನು ಸಿದ್ಧಮಾಡಿ ಕಾಯುತ್ತಾರೆ. ಮನೆಯಿಲ್ಲದ, ಮಠವಿಲ್ಲದ, ಬೆಟ್ಟ ಗವಿ ಅಲೆಯುವ ಅಲ್ಲಮ ಬಂದು ಅದರ ಮೇಲೆ ಕೂರುತ್ತಾರೆ. ಬೇಕು ಎಂದು ಹಂಬಲಿಸಿದವರಿಗೆ ಆ ಪೀಠ ಸಿಗಲಿಲ್ಲ. ಬೇಡ ಎಂದು ಅಲೆಯುತ್ತಿದ್ದವರಿಗಾಗಿ ಅದು ಕಾದಿತ್ತು. ಅಲ್ಲಮರ ನಂತರ ಚನ್ನಬಸವಣ್ಣ, ಆಮೇಲೆ ಸೊನ್ನಲಿಗೆಯ ಸಿದ್ಧರಾಮ ಎಂದು ಸಾಗುವ ಆ ಸಾಲು ತಲೆಮಾರುಗಳನ್ನು ದಾಟಿ ಸಿದ್ಧಲಿಂಗರ ತನಕ ಬರುತ್ತದೆ.

ಇಷ್ಟು ದೊಡ್ಡ ಪೀಠಕ್ಕೆ ಒಡೆಯರಾದವರನ್ನು ಜನ ಆ ಪೀಠದ ಹೆಸರಿನಿಂದ ಕರೆಯಲಿಲ್ಲ, ಒಂದು ತೋಟದ ಹೆಸರಿನಿಂದ ಕರೆದರು. ನಾಗಿನಿ ನದಿಯ ದಂಡೆಯ ಕಗ್ಗೆರೆಯಲ್ಲಿ ನಂಬಿಯಣ್ಣ ಎಂಬ ರೈತನ ತೋಟ. ಅಲ್ಲಿ ಹನ್ನೆರಡು ವರ್ಷ ಅಲುಗಾಡದೆ ಶಿವಯೋಗದಲ್ಲಿ ಕೂತರು ಎನ್ನುತ್ತದೆ ಪರಂಪರೆ. ಮೈಸುತ್ತ ಹುತ್ತ ಎದ್ದಿತು. ಹಸುವೊಂದು ದಿನವೂ ಬಂದು ಹುತ್ತದ ಮೇಲೆ ಹಾಲು ಸುರಿಸಿ ಹೋಗುತ್ತಿತ್ತು. ಅದನ್ನು ಕಂಡು ಮಣ್ಣು ಬಿಡಿಸಿದಾಗ ಒಳಗೆ ಯತಿಗಳು. ವಿರಕ್ತ ತೋಂಟದಾರ್ಯ ಎಂಬ ಕವಿ 16ನೇ ಶತಮಾನದಲ್ಲೇ ಅವರ ಚರಿತೆಯನ್ನು ಸಿದ್ಧೇಶ್ವರ ಪುರಾಣವೆಂಬ ಕಾವ್ಯವಾಗಿ ಬರೆದರು. ಜನ ಆ ಕಾವ್ಯ ಓದದೆಯೂ ಹಸುವಿನ ಕಥೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದಾರೆ.

ಹುತ್ತದ ಕಥೆಯನ್ನು ಪವಾಡವೆಂದು ಒಪ್ಪುವವರು ಒಪ್ಪಲಿ. ಒಪ್ಪದವರಿಗೂ ಅದರಲ್ಲಿ ಒಂದು ಸತ್ಯ ಉಳಿದಿರುತ್ತದೆ. ಮುಂದೆ ಸಾವಿರಾರು ಜನರನ್ನು ಮಾತನಾಡಿಸಬೇಕಾದವರು ಅಷ್ಟು ಕಾಲ ಮಾತೇ ಆಡಲಿಲ್ಲ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪಿನಿಂದ ತಾನಾಗಿ ಬಿಡಿಸಿಕೊಳ್ಳಬೇಕು, ಅಲ್ಲಾಡಿಸಿದರೆ ಒಳಗೆ ಗುಂಡು ಉರುಳುವ ಸದ್ದು ಬರಬೇಕು. ಆತುರಪಟ್ಟು ಮೊದಲೇ ಒಡೆದರೆ ಕೈಗೆ ಸಿಗುವುದು ಉಂಡೆ ಕೊಬ್ಬರಿಯಲ್ಲ. ಕಗ್ಗೆರೆಯ ಹನ್ನೆರಡು ವರ್ಷ ಅಂಥ ಕಾಯುವಿಕೆ. ಚಿಪ್ಪಿನ ಒಳಗೇ ಇದ್ದು ಚಿಪ್ಪಿಗೆ ಅಂಟದೆ ಇರುವುದನ್ನು ಅವರು ಅಲ್ಲಿ ಕಲಿತರು.

ಈಜಿಪ್ಟಿನ ಮರಳುಗಾಡಿನಲ್ಲಿ ಇದೇ ಪ್ರಶ್ನೆ

ಸಿದ್ಧಲಿಂಗರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲು, 4ನೇ ಶತಮಾನದಲ್ಲಿ, ಈಜಿಪ್ಟಿನ ಕ್ರೈಸ್ತ ತಪಸ್ವಿಗಳೂ ಏಕಾಂತವೋ ಪೀಠವೋ ಎಂಬ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ರೋಮನ್ ಸಾಮ್ರಾಜ್ಯದ ಹಿಂಸೆ ನಿಂತು ಕ್ರೈಸ್ತಧರ್ಮಕ್ಕೆ ಅರಮನೆಯ ಆಸರೆ ಸಿಕ್ಕ ಕಾಲ ಅದು. ಬಿಷಪ್ ಪದವಿಗೆ ಹಣ, ಗೌರವ, ಅಧಿಕಾರ ಎಲ್ಲವೂ ಬಂದವು. ಅದೇ ಹೊತ್ತಿಗೆ ಸಾವಿರಾರು ಜನ ಊರು ಬಿಟ್ಟು ನೈಲ್ ನದಿಯ ಆಚೀಚೆಯ ಮರಳುಗಾಡಿಗೆ ಹೊರಟರು. ಅವರಿಗೆಲ್ಲ ಹಿರಿಯ ಸಂತ ಅಂಥೋನಿ; ತುಂಬು ಆಯುಸ್ಸು ಬಾಳಿ 356ರಲ್ಲಿ ತೀರಿಕೊಂಡವರು. ಚಾಪೆ ಹೆಣೆದು, ಹಗ್ಗ ಹೊಸೆದು, ಒಣ ರೊಟ್ಟಿ ತಿಂದು ಬದುಕಿದ ಈ ತಪಸ್ವಿಗಳನ್ನು ಊರಿನವರು ಬಿಡಲಿಲ್ಲ. ಇಂಥವರೇ ನಮಗೆ ಬಿಷಪ್ ಆಗಬೇಕು ಎಂದು ಬೆನ್ನುಬಿದ್ದರು.

ನೈಟ್ರಿಯಾದ ಅಮ್ಮೋನಿಯಸ್ ಎಂಬ ತಪಸ್ವಿಯ ಕಥೆಯನ್ನು ಪಲ್ಲಾಡಿಯಸ್ ಎಂಬ ಲೇಖಕ ಬರೆದಿಟ್ಟಿದ್ದಾರೆ. ಊರಿನ ಜನ ಬಂದು ಬಿಷಪ್ ಆಗಲೇಬೇಕೆಂದು ಪಟ್ಟುಹಿಡಿದಾಗ ಆತ ಅವರೆದುರೇ ತನ್ನ ಎಡಗಿವಿಯನ್ನು ಕತ್ತರಿಸಿಕೊಂಡ. ಅಂಗ ಊನವಾದವನಿಗೆ ಪಟ್ಟ ಕಟ್ಟುವಂತಿಲ್ಲ ಎಂಬ ನಿಯಮದ ಮೊರೆ ಹೊಕ್ಕ. ಆದರೂ ಬಿಡುವುದಿಲ್ಲ ಎಂದಾಗ, ಇನ್ನೂ ಒತ್ತಾಯಿಸಿದರೆ ನಾಲಿಗೆಯನ್ನೂ ಕತ್ತರಿಸಿಕೊಳ್ಳುತ್ತೇನೆ ಎಂದ. ಆಮೇಲೆ ಜನ ಅವನನ್ನು ಅವನ ಪಾಡಿಗೆ ಬಿಟ್ಟರು.

ಡ್ರಕೋಂಟಿಯಸ್ ಎಂಬ ಇನ್ನೊಬ್ಬ ಸನ್ಯಾಸಿ ಬಿಷಪ್ ಆಗಿ ಆಯ್ಕೆಯಾದ ಮೇಲೆ ತಲೆಮರೆಸಿಕೊಂಡ. ಅವನಿಗೆ ಅಲೆಕ್ಸಾಂಡ್ರಿಯಾದ ದೊಡ್ಡ ಬಿಷಪ್ ಅಥನೇಷಿಯಸ್ ಸುಮಾರು 354ರಲ್ಲಿ ಬರೆದ ಪತ್ರ ಇಂದಿಗೂ ಉಳಿದಿದೆ. ಅದರ ವಾದ ಖಾರವಾದದ್ದು. ಕಲಿಸುವವರೆಲ್ಲ ಹೀಗೆ ಓಡಿಹೋದರೆ ಜನರಿಗೆ ಗತಿ ಯಾರು ಎಂದು ಕೇಳುತ್ತಾರೆ. ತಪಸ್ಸು ಕೆಡುತ್ತದೆಂಬ ಭಯಕ್ಕೂ ಅವರಲ್ಲಿ ಉತ್ತರವಿದೆ: ಬಿಷಪ್ ಆಗಿಯೂ ಉಪವಾಸ ಇರುವವರಿದ್ದಾರೆ, ಸನ್ಯಾಸಿಯಾಗಿಯೂ ಹೊಟ್ಟೆಬಾಕರಾದವರಿದ್ದಾರೆ, ಶೀಲ ಇರುವುದು ಮನುಷ್ಯನಲ್ಲಿಯೇ ಹೊರತು ಸ್ಥಾನದಲ್ಲಲ್ಲ. ಡ್ರಕೋಂಟಿಯಸ್ ಮರಳಿ ಬಂದು ಹೊಣೆ ಹೊತ್ತ. ಸ್ವಲ್ಪ ಕಾಲದಲ್ಲೇ ಚಕ್ರವರ್ತಿ ಕಾನ್‌ಸ್ಟಾಂಟಿಯಸ್ ತನಗೆ ಒಪ್ಪದ ಬಿಷಪ್‌ಗಳನ್ನು ಗಡೀಪಾರು ಮಾಡಿದಾಗ ಇವನೂ ಗಡೀಪಾರಾದ. ಪೀಠ ಅವನಿಗೆ ತಂದುಕೊಟ್ಟದ್ದು ಸುಖವನ್ನಲ್ಲ.

ಥ್ಮೂಯಿಸ್ ಪಟ್ಟಣದ ಬಿಷಪ್ ಸೆರಾಪಿಯೋನ್ ಅಂಥೋನಿಗೆ ಆಪ್ತರಾಗಿದ್ದ ಸನ್ಯಾಸಿ. ಅಂಥೋನಿ ಸಾಯುವಾಗ ತಮ್ಮ ಬಳಿಯಿದ್ದ ಎರಡು ಕುರಿತೊಗಲುಗಳಲ್ಲಿ ಒಂದನ್ನು ಅಥನೇಷಿಯಸ್‌ಗೂ ಇನ್ನೊಂದನ್ನು ಸೆರಾಪಿಯೋನ್‌ಗೂ ಕೊಡಲು ಹೇಳಿದರಂತೆ. ಮರಳುಗಾಡಿನ ದೊಡ್ಡ ತಪಸ್ವಿಯ ಕುರಿತೊಗಲುಗಳು ಹೋಗಿ ಸೇರಿದ್ದು ಇಬ್ಬರು ಬಿಷಪ್‌ಗಳಿಗೆ. ಮರಳುಗಾಡು ಮತ್ತು ಪೀಠ ಬೇರೆ ಬೇರೆಯಾಗಬಾರದು ಎಂಬ ಆಸೆ ಆ ಉಡುಗೊರೆಯಲ್ಲಿ ಕಾಣುತ್ತದೆ.

ಆದರೆ ಈ ಸೇರ್ಪಡೆ ಸುಲಭವಲ್ಲ ಎಂದು ಮರಳುಗಾಡಿನವರಿಗೆ ಗೊತ್ತಿತ್ತು. ಆಕ್ಸಿರಿಂಕಸ್‌ನ ಬಿಷಪ್ ಅಫೀ ಎಂಬಾತನ ಬಗ್ಗೆ ಒಂದು ಪ್ರಸಂಗವಿದೆ. ಸನ್ಯಾಸಿಯಾಗಿದ್ದಾಗ ಮಾಡುತ್ತಿದ್ದ ಕಠಿಣ ವ್ರತಗಳು ಬಿಷಪ್ ಆದ ಮೇಲೆ ಅವನ ಕೈಯಲ್ಲಿ ಆಗದಾದವು. ಈ ಪದವಿಯಿಂದಾಗಿ ದೇವರು ನನ್ನನ್ನು ಬಿಟ್ಟುಹೋದನೇ ಎಂದು ಆತ ಕಣ್ಣೀರಿಟ್ಟ. ಅವನಿಗೆ ಹೊಳೆದ ಉತ್ತರ ಇದು: ಮರಳುಗಾಡಿನಲ್ಲಿ ನಿನಗೆ ಮನುಷ್ಯರ ನೆರವಿರಲಿಲ್ಲ, ದೇವರೇ ನೋಡಿಕೊಂಡ, ಈಗ ನೋಡಿಕೊಳ್ಳಲು ಜನರಿದ್ದಾರೆ. ಫಾರಾನಿನ ಬಿಷಪ್ ನೇತ್ರಾ ಹಿಡಿದ ದಾರಿ ಇದಕ್ಕೆ ಎದುರಾದದ್ದು. ಸಿನಾಯ್ ಬೆಟ್ಟದ ಗುಡಿಸಲಿನಲ್ಲಿದ್ದಾಗ ಆತ ದೇಹಕ್ಕೆ ಬೇಕಾದಷ್ಟನ್ನು ಕೊಡುತ್ತಿದ್ದ. ಬಿಷಪ್ ಆದ ಮೇಲೆ ಮೊದಲಿಗಿಂತ ಕಟುವಾದ ವ್ರತ ಹಿಡಿದ. ಶಿಷ್ಯ ಕಾರಣ ಕೇಳಿದಾಗ, ಅಲ್ಲಿ ಬಡತನವೇ ಕಾವಲಾಗಿತ್ತು, ಇಲ್ಲಿ ಸುತ್ತಲೂ ಸೆಳೆತ, ಕಾಯಿಲೆ ಬಿದ್ದರೆ ನೋಡುವವರೂ ಇದ್ದಾರೆ, ಒಳಗಿನ ಸನ್ಯಾಸಿಯನ್ನು ಕಳೆದುಕೊಳ್ಳಲಾರೆ ಎಂಬರ್ಥದಲ್ಲಿ ಹೇಳಿದ. ಪೀಠ ಏರಿದ ಮೇಲೆ ವ್ರತ ಸಡಿಲಿಸುವುದಲ್ಲ, ಬಿಗಿ ಮಾಡಬೇಕು ಎಂಬ ನೇತ್ರಾನ ಮಾತು ಯಾವ ಮತದ ಮಠಕ್ಕೂ ಸಲ್ಲುತ್ತದೆ.

ಕೂರಲು ಒಪ್ಪದ ಪೀಠ

ಇದೇ ಇಕ್ಕಟ್ಟಿನಿಂದ ಸಿದ್ಧಲಿಂಗರು ಕಂಡುಕೊಂಡ ದಾರಿ ನಮ್ಮ ನೆಲದ್ದು. ಪೀಠವನ್ನು ಅವರು ಬಿಡಲಿಲ್ಲ, ಅದರ ಮೇಲೆ ಬೇರುಬಿಟ್ಟು ಕೂರಲೂ ಇಲ್ಲ. ಅದನ್ನೇ ನಡೆಸಿಕೊಂಡು ಹೊರಟರು. ಜಂಗಮ ಎಂದರೆ ಚಲಿಸುವವನು, ನಿಂತಲ್ಲಿ ನಿಲ್ಲದವನು. ವಿರಕ್ತ ಪರಂಪರೆಯ ಸ್ವಾಮಿಗಳನ್ನು ಇಂದಿಗೂ ನಿರಂಜನ ಚರಮೂರ್ತಿ ಎಂದು ಕರೆಯುತ್ತೇವೆ. 701 ವಿರಕ್ತರು ಜೊತೆಗಿದ್ದರೆಂದರೆ ಅದೊಂದು ನಡೆದಾಡುವ ವಿದ್ಯಾಪೀಠ. ಇಂದು ಒಂದೂರು, ನಾಳೆ ಇನ್ನೊಂದೂರು. ಭಿಕ್ಷೆಗೆ ಕೈಯೊಡ್ಡಿದ ಊರಿಗೆ ವಚನ ಕೊಟ್ಟು ಮುಂದೆ ಸಾಗುವುದು. ಅಂಥ ಬದುಕಿನಲ್ಲಿ ಉಗ್ರಾಣ ಕಟ್ಟಲು, ಅಂತಸ್ತು ಬೆಳೆಸಲು ಎಡೆಯೇ ಇರುವುದಿಲ್ಲ.

ಆ ನಡಿಗೆಗೆ ಒಂದು ಗುರಿಯೂ ಇತ್ತು. 12ನೇ ಶತಮಾನದ ಕಲ್ಯಾಣದ ಕ್ರಾಂತಿಯ ನಂತರ ಶರಣರೊಂದಿಗೆ ವಚನಗಳೂ ಚೆದುರಿಹೋದವು. ಯಾರದೋ ಮನೆಯ ಓಲೆಗರಿ ಕಟ್ಟಿನಲ್ಲಿ, ಯಾರದೋ ನೆನಪಿನಲ್ಲಿ ಅವು ಉಳಿದಿದ್ದವು. 15ನೇ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಿಂದ ಮೊದಲ್ಗೊಂಡು, ಅವನ್ನು ಹುಡುಕಿ ಜೋಡಿಸುವ ಕೆಲಸ ಬಿರುಸಾಯಿತು. ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಪ್ರಭುಲಿಂಗಲೀಲೆ ಬರೆದ ಚಾಮರಸ ಎಲ್ಲ ಆ ಕಾಲದವರು. ಸಿದ್ಧಲಿಂಗರು ಮತ್ತು ಅವರ ಶಿಷ್ಯರು ಆ ಕೆಲಸವನ್ನು ಮುಂದಿನ ಹಂತಕ್ಕೆ ಒಯ್ದರು.

ಸ್ವತಃ ಸಿದ್ಧಲಿಂಗರು ಬರೆದದ್ದು ಷಟ್‌ಸ್ಥಲ ಜ್ಞಾನಸಾರಾಮೃತ. ಅದರಲ್ಲಿರುವ ವಚನಗಳ ಸಂಖ್ಯೆಯೂ 701. ಬಸವಾದಿ ಶರಣರ ಕಾಲ ಮುಗಿದು ಮುನ್ನೂರು ವರ್ಷಗಳ ಮೇಲೆ ವಚನವೆಂಬ ರೂಪಕ್ಕೆ ಮತ್ತೆ ಜೀವ ಬಂದದ್ದು ಇಲ್ಲಿ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿಸುವ ಕೃತಿ ಅದು. ಗುರುಪೀಠದಲ್ಲಿ ಕೂತವರು ಬರೆದ ಈ ಕೃತಿಯ ಮೊದಲ ಮೆಟ್ಟಿಲು ಭಕ್ತಸ್ಥಲ ಎಂಬುದನ್ನು ನಾವು ಗಮನಿಸಬೇಕು. ಪಟ್ಟ ಎಷ್ಟೇ ದೊಡ್ಡದಿರಲಿ, ಏರಬೇಕಾದವನು ಭಕ್ತನಾಗಿಯೇ ಶುರುಮಾಡಬೇಕು.

ಅವರ ಪರಂಪರೆಯಿಂದ ಬಂದವರ ಸಾಲು ನೋಡಿದರೆ ಆ ನಡಿಗೆ ಎಷ್ಟು ದೂರ ಮುಟ್ಟಿತೆಂದು ತಿಳಿಯುತ್ತದೆ. ಇಂದು ತಮಿಳುನಾಡಿನ ಗಡಿಯೊಳಗಿರುವ ಗುಮ್ಮಳಾಪುರದ ಸಿದ್ಧಲಿಂಗ ಯತಿ ಮತ್ತು ತುಮಕೂರಿನ ಮಗ್ಗುಲಲ್ಲೇ ಇರುವ ಗೂಳೂರಿನ ಸಿದ್ಧವೀರಣ್ಣೊಡೆಯ ಇಬ್ಬರೂ ಶೂನ್ಯಸಂಪಾದನೆಯನ್ನು ಸಂಕಲಿಸಿದರು. ನಾಲ್ಕು ಶೂನ್ಯಸಂಪಾದನೆಗಳಲ್ಲಿ ಕೊನೆಯದು, ಇಂದು ಹೆಚ್ಚಾಗಿ ಓದಿನಲ್ಲಿರುವುದು ಗೂಳೂರಿನವರದು. ಸ್ವತಂತ್ರ ಸಿದ್ಧಲಿಂಗೇಶ್ವರರು ಕೃಷ್ಣರಾಜಪೇಟೆ ಬಳಿಯ ಕಾಪನಹಳ್ಳಿಯ ಗವಿಯಲ್ಲಿ ನೆಲೆಸಿ ವಚನ ಬರೆದರು. ಗುರುವಿಗೆ ತೋಟದ ಹುತ್ತ, ಶಿಷ್ಯನಿಗೆ ಬೆಟ್ಟದ ಗವಿ. ಮುಂದೆ ವಿರಕ್ತ ಮಠಗಳು ಮುರಿಗೆ, ಕುಮಾರ, ಕೆಂಪಿನ, ಚೀಲಾಳ ಎಂಬ ಸಮಯಗಳಾಗಿ, ಅಂದರೆ ಪಂಥಗಳಾಗಿ, ಕವಲೊಡೆದು ನಾಡೆಲ್ಲ ಹರಡಿದವು.

ಇಷ್ಟು ದೊಡ್ಡ ಕೆಲಸಕ್ಕೆ ಹನ್ನೆರಡು ವರ್ಷದ ಮೌನ ತಡೆಯಾಗಲಿಲ್ಲ, ಅಡಿಪಾಯವಾಯಿತು. ಕೊನೆಗೆ ಅವರು ಯಡಿಯೂರಿನಲ್ಲಿ ಶಿವಯೋಗ ಸಮಾಧಿಗೆ ಕೂತರು. ಬದುಕಿದ್ದಾಗ ನಿಲ್ಲದೆ ನಡೆದವರ ಬಳಿಗೆ ಈಗ ಊರೂರುಗಳು ನಡೆದುಬರುತ್ತವೆ.

1930ರ ಒಂದು ಸಾವು

ಪಟ್ಟ ತಾನಾಗಿ ಬಂದು ಹೆಗಲೇರಿದ ಇನ್ನೊಂದು ಘಟನೆ ನಮ್ಮ ತುಮಕೂರು ಜಿಲ್ಲೆಯಲ್ಲೇ, ನಮ್ಮ ಹಿರಿಯರ ಕಾಲದಲ್ಲೇ ನಡೆಯಿತು. ಸಿದ್ಧಗಂಗೆಯ ಮಠ ಗೋಸಲ ಸಿದ್ಧೇಶ್ವರರಿಂದ ಮೊದಲಾಯಿತು ಎಂಬುದು ಪರಂಪರೆಯ ನಂಬಿಕೆ. 1930ರಲ್ಲಿ ಅಲ್ಲಿ ಉದ್ದಾನ ಶಿವಯೋಗಿಗಳು ಪೀಠದಲ್ಲಿದ್ದರು. ಅವರ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದವರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ, ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಎಂಬ ಯುವಕನೂ ಇದ್ದ. ಉದ್ದಾನ ಶಿವಯೋಗಿಗಳ ಕಣ್ಣು ಅವನ ಮೇಲೆ ಬಿತ್ತು. ಅದೇ ವರ್ಷ ಆ ವಿದ್ಯಾರ್ಥಿ ಸನ್ಯಾಸ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. ಕಾವಿ ತೊಟ್ಟೇ ಕಾಲೇಜಿಗೆ ಮರಳಿದರು. 1941ರಲ್ಲಿ ಹಿರಿಯ ಗುರುಗಳು ಲಿಂಗೈಕ್ಯರಾದಾಗ ಮಠದ ಪೂರ್ತಿ ಹೊಣೆ ಅವರದಾಯಿತು.

2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವ ತನಕ ಆ ಹೊಣೆ ಹೊತ್ತ ರೀತಿ ನಮ್ಮ ಕಣ್ಣ ಮುಂದೆಯೇ ಇತ್ತು. ನಸುಕಿಗೆ ಮುನ್ನವೇ ಏಳುವುದು, ಇಷ್ಟಲಿಂಗ ಪೂಜೆ, ಮಿತವಾದ ಊಟ. ಆಮೇಲೆ ಸಾವಿರಾರು ಮಕ್ಕಳ ಅನ್ನ, ಅಕ್ಷರ, ವಸತಿಯ ಚಿಂತೆ. ಮೊದಲ ದಶಕಗಳಲ್ಲಿ ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ರಾಗಿ, ಭತ್ತ, ಕಾಳು ತಂದು ಆ ಮಕ್ಕಳ ತಟ್ಟೆ ತುಂಬಿಸಿದರು. ಯಾವ ಜಾತಿಯ ಮಗು ಎಂದು ಕೇಳದ ಪಂಕ್ತಿ ಅದು. ನಮ್ಮ ಸೀಮೆಯ ಎಷ್ಟೋ ಮನೆಗಳ ಮೊದಲ ಓದುಬರಹ ಬಲ್ಲವರು ಆ ಪಂಕ್ತಿಯಲ್ಲಿ ಉಂಡು ಬೆಳೆದವರು. ತಮಗಾಗಿ ಏನೂ ಬೇಡದವರು ಮಕ್ಕಳಿಗಾಗಿ ಮನೆಮನೆಯ ಮುಂದೆ ನಿಂತು ಬೇಡಿದರು. ಆ ಜೋಳಿಗೆಯಲ್ಲಿ ಯೋಗಿಯೂ ಇದ್ದರು, ಮಠಾಧಿಪತಿಯೂ ಇದ್ದರು.

ಸಿದ್ಧಲಿಂಗರ ಹೆಸರು ಹೊತ್ತ ಯಡಿಯೂರು, ಡಂಬಳ, ಗದಗದ ತೋಂಟದಾರ್ಯ ಮಠದಲ್ಲೂ ಅಂಥ ಒಬ್ಬರು ನಮ್ಮ ಕಾಲದಲ್ಲಿ ಬಾಳಿದರು. 1974ರಲ್ಲಿ ಪೀಠಕ್ಕೆ ಬಂದು 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಸ್ವಾಮಿಗಳು. ಪೀಠದ ಬಲವನ್ನು ಅವರು ಪುಸ್ತಕ ಪ್ರಕಟಣೆಗೆ, ಕನ್ನಡಕ್ಕೆ, ನೆಲದ ಉಳಿವಿಗೆ ಬಳಸಿದರು. 2011ರಲ್ಲಿ ಗದಗ ಜಿಲ್ಲೆಯ ರೈತರ ಜಮೀನಿನಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುತ್ತದೆಂದಾಗ ರೈತರ ಮುಂದೆ ನಿಂತರು. ಆ ಯೋಜನೆ ಅಲ್ಲಿಂದ ಹಿಂದೆ ಸರಿಯಿತು. ಅದೇ ಜಿಲ್ಲೆಯ ಕಪ್ಪತಗುಡ್ಡದ ಸಂರಕ್ಷಿತ ಸ್ಥಾನಮಾನವನ್ನು ಸರ್ಕಾರ ಹಿಂತೆಗೆದಾಗ ಮತ್ತೆ ಬೀದಿಗಿಳಿದರು. 2017ರಲ್ಲಿ ಆ ಸ್ಥಾನಮಾನ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ತೋಟದ ಏಕಾಂತದಲ್ಲಿ ಹುಟ್ಟಿದ ಪೀಠ ಒಂದು ಕಾಡಿನ ಏಕಾಂತವನ್ನು ಕಾಯಿತು. ಪರಂಪರೆ ಬದುಕಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕಿಲ್ಲ.

ನಮ್ಮ ಪಾಲಿನ ಕೆಲಸ

ಈ ಎಲ್ಲರ ಬಾಳಿನಿಂದ ನನಗೆ ತಿಳಿಯುವುದು ಒಂದೇ ಮಾತು. ಗದ್ದುಗೆಗೆ ಬೆಲೆ ಬರುವುದು ಅದರ ಹಿಂದಿನ ಏಕಾಂತದಿಂದ, ಏಕಾಂತ ಪಕ್ವವಾಗಿದೆಯೇ ಎಂದು ಗೊತ್ತಾಗುವುದು ಗದ್ದುಗೆಯ ಮೇಲೆ. ಒಂದನ್ನು ಬಿಟ್ಟರೆ ಇನ್ನೊಂದು ಕೆಡುತ್ತದೆ. ತಪಸ್ಸಿಲ್ಲದ ಪೀಠ ಬರಿಯ ಆಸ್ತಿಯ ಕಾವಲು. ಜನರ ಕಷ್ಟಕ್ಕೆ ಎಂದೂ ಎದ್ದು ಬಾರದ ತಪಸ್ಸಿನಿಂದ ಊರಿಗೆ ನೆರಳಿಲ್ಲ.

ಇಂದು ನಮ್ಮ ಸುತ್ತಮುತ್ತ ಎಳೆಯ ವಯಸ್ಸಿನವರಿಗೆ ಪಟ್ಟಾಧಿಕಾರ ಆಗುತ್ತದೆ. ಅಡ್ಡಪಲ್ಲಕ್ಕಿ, ಕಿರೀಟ, ಹೂಮಳೆ. ಮರುದಿನದಿಂದಲೇ ಶಾಲೆ ಕಾಲೇಜುಗಳ ಲೆಕ್ಕ, ಕಟ್ಟಡದ ಸಾಲ, ಕೋರ್ಟಿನ ತಾರೀಖು ಅವರ ತಲೆಗೆ ಬರುತ್ತದೆ. ಗೃಹಪ್ರವೇಶಕ್ಕೆ ಬನ್ನಿ, ಮದುವೆಗೆ ಬನ್ನಿ, ಮಗನ ವರ್ಗಾವಣೆಗೆ ಮಂತ್ರಿಗಳಿಗೆ ಒಂದು ಮಾತು ಹೇಳಿ ಎಂದು ನಾವು ಸಾಲುಗಟ್ಟಿ ನಿಲ್ಲುತ್ತೇವೆ. ಚುನಾವಣೆ ಬಂದರೆ ನಮ್ಮವರ ಪರ ನಿಲ್ಲಿ ಎನ್ನುತ್ತೇವೆ. ಆಮೇಲೆ ಸ್ವಾಮಿಗಳು ರಾಜಕಾರಣಿಗಳಂತಾದರು ಎಂದು ನಾವೇ ದೂರುತ್ತೇವೆ. ಅವರಿಗೆ ಹನ್ನೆರಡು ವರ್ಷ ಹೋಗಲಿ, ಹನ್ನೆರಡು ದಿನದ ಮೌನವನ್ನಾದರೂ ನಾವು ಬಿಟ್ಟುಕೊಟ್ಟಿದ್ದೇವೆಯೇ?

ಕಗ್ಗೆರೆಯ ಕಥೆಯಲ್ಲಿ ನಂಬಿಯಣ್ಣನನ್ನು ನಾವು ಬೇಗ ಮರೆಯುತ್ತೇವೆ. ಅವನು ಸ್ವಾಮಿಯಲ್ಲ, ಕವಿಯಲ್ಲ, ದಂಡನಾಯಕನಲ್ಲ. ನಮ್ಮ ಹಾಗೆ ತೋಟ ಮಾಡಿಕೊಂಡಿದ್ದ ಗೃಹಸ್ಥ. ಅವನ ನೆಲದಲ್ಲಿ ಜಾಗವಿದ್ದದ್ದರಿಂದ ಒಬ್ಬ ಯೋಗಿ ಅಷ್ಟು ಕಾಲ ಸುಮ್ಮನೆ ಕೂರಲು ಸಾಧ್ಯವಾಯಿತು. ಮಠಗಳಿಗೆ ಕಟ್ಟಡ ಕೊಡುವ, ತೇರು ಕೊಡುವ, ಬೆಳ್ಳಿ ಕೊಡುವ ದಾನಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಂಬಿಯಣ್ಣ ಕೊಟ್ಟಂಥ ಬಿಡುವನ್ನು, ನೆರಳನ್ನು, ಯಾರೂ ಬಾಗಿಲು ಬಡಿಯದ ಸಮಯವನ್ನು ಕೊಡುವವರು ಕಡಿಮೆ.

ಪಟ್ಟ ಕಟ್ಟುವ ಮುನ್ನ ಮರಿಸ್ವಾಮಿಗಳಿಗೆ ಕೆಲವು ವರ್ಷ ಓದಿಗೂ ಮೌನಕ್ಕೂ ಬಿಡುವು ಕೊಡೋಣ. ಪಟ್ಟವಾದ ಮೇಲೆ ವರ್ಷಕ್ಕೊಮ್ಮೆ ಜೋಳಿಗೆ ಹಿಡಿದು ನಮ್ಮ ಹಳ್ಳಿಗಳಲ್ಲಿ ನಡೆಯಿರಿ ಬುದ್ಧಿ ಎಂದು ಅಡ್ಡಬಿದ್ದು ಕೇಳಿಕೊಳ್ಳೋಣ. ಕಾರಿನಲ್ಲಿ ಬಂದು ವೇದಿಕೆ ಹತ್ತುವುದರ ಬದಲು ನಮ್ಮ ತೋಟದ ಸಾಲಿನಲ್ಲಿ ಒಂದು ಸಂಜೆ ಕೂತು ವಚನ ಹೇಳಿ ಎನ್ನೋಣ. ಮಠದ ಲೆಕ್ಕ ನೋಡಲು ಊರಿನ ನಂಬಿಕಸ್ಥರು ಮುಂದೆ ಬರಲಿ, ಆ ಭಾರ ಸ್ವಾಮಿಗಳ ತಲೆಯಿಂದ ಇಳಿಯಲಿ. ಸಿದ್ಧಲಿಂಗರನ್ನು ನೆನೆಯುವವರು ಮಾಡಬೇಕಾದ ಸೇವೆ ಇದು. ಒಳ್ಳೆಯ ಗುರುವನ್ನು ಬೇಡುವ ಊರು ಮೊದಲು ಆ ಗುರು ಪಕ್ವವಾಗುವ ತನಕ ಕಾಯುವುದನ್ನು ಕಲಿಯಬೇಕು.